ಕಿವಿ ಮೇಷ್ಟ್ರು ಹೆಂಡತಿಯನ್ನು ಪರಿಚಯಿಸಿದ್ದು

ಹೊಟ್ಟೆಕಿಚ್ಚು ಪಕ್ಕದ ಮನೆಯವರ ಮೇಲಾದರೆ ಅದಕ್ಕೊಂದು ಅನುಕೂಲವಿದೆ. ಬೇಲಿಯಾಚೆ ನೋಡಿ ಬೇಕಾದಷ್ಟು ಉರಿದುಕೊಂಡು, ಸಾಕಾದಾಗ ಕಿಟಕಿ ಮುಚ್ಚಿಕೊಳ್ಳಬಹುದು. ಕಟ್ಟಿಕೊಂಡ ಹೆಂಡತಿಯ ಮೇಲೇ ಹೊಟ್ಟೆಕಿಚ್ಚು ಹುಟ್ಟಿದರೆ ಮುಚ್ಚಿಕೊಳ್ಳಲು ಕಿಟಕಿ ಎಲ್ಲಿದೆ? ಒಂದೇ ಬಚ್ಚಲು, ಒಂದೇ ಊಟದ ಮೇಜು, ಬೆಳಿಗ್ಗೆ ಕೆಲಸಕ್ಕೆ ಹೋಗಲು ಒಂದೇ ಸ್ಕೂಟರು. ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಿವಿ ಮೇಷ್ಟ್ರದ್ದು ಇದೇ ಪಾಡು.

ಕಿವಿ ಮೇಷ್ಟ್ರು ಎಂದರೆ ಅಲ್ಲಿನ ಶ್ರವಣ ವಿಭಾಗದ ಪ್ರಾಧ್ಯಾಪಕರು. ಯಾರ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವುದು, ಅಳೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಅವರ ಕೆಲಸ. ವಿಭಾಗ ಇರುವುದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ, ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿ. ಕಿವಿ ಪರೀಕ್ಷೆ ಮಾಡುವ ಜಾಗವನ್ನು ಇಡೀ ಆವರಣದಲ್ಲೇ ಹೆಚ್ಚು ಗದ್ದಲದ ಮೂಲೆಗೆ ತಳ್ಳಿದವರು ಯಾರೋ, ಅವರ ಬುದ್ಧಿಗೆ ಏನೆನ್ನಬೇಕೋ. ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಮೇಷ್ಟ್ರು ಅರ್ಜಿ ಬರೆಯುತ್ತಲೇ ಇದ್ದರು, ಯಂತ್ರಗಳು ತಿರುಗುತ್ತಲೇ ಇದ್ದವು.

ಹೆಂಡತಿ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ಗಾಳಿ ಬೆಳಕಿರುವ ಕಡೆ, ನರ್ಸಿಂಗ್ ವಿಭಾಗದಲ್ಲಿದ್ದಳು. ಎದೆಬಡಿತ ಕೇಳಿ ರೋಗಿಯ ಸ್ಥಿತಿ ತಿಳಿಯುವುದನ್ನು ಕಲಿಸುತ್ತಿದ್ದಳು. ವಿದ್ಯಾರ್ಥಿಗಳು ಇಟ್ಟ ಹೆಸರು ಲಬ್‌ಡಬ್ ಮೇಡಂ. ಆ ಹೆಸರನ್ನು ಅವರು ಹೇಳುವ ರೀತಿ ಕೇಳಬೇಕು, ಬಾಯಲ್ಲಿ ಸಕ್ಕರೆ ಹಾಕಿಕೊಂಡಂತೆ. ಕಿವಿ ಮೇಷ್ಟ್ರು ಎನ್ನುವಾಗ ಅಂಥ ಸಕ್ಕರೆಯೇನೂ ಇರುತ್ತಿರಲಿಲ್ಲ.

ಒಮ್ಮೆ ಮೇಷ್ಟ್ರು ತರಕಾರಿ ಹೆಚ್ಚಲು ಹೋಗಿ ಹೆಬ್ಬೆರಳು ಕೊಯ್ದುಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿದರು. ಅಲ್ಲಿದ್ದ ನರ್ಸು ಮೊದಲು ಬೆಂಚು ತೋರಿಸಿ ಕೂರಿಸಿದಳು. ಆಮೇಲೆ ಹೆಸರು ಬರೆದುಕೊಳ್ಳುವಾಗ ಮುಖವರಳಿಸಿ, ಅಯ್ಯೋ ನೀವು ನಮ್ಮ ಮೇಡಂ ಯಜಮಾನ್ರಲ್ವಾ ಎಂದು ಒಳಗೆ ಕರೆದೊಯ್ದಳು. ಹೊಲಿಗೆ ಹಾಕುತ್ತಿದ್ದಷ್ಟು ಹೊತ್ತೂ ಮೇಡಂ ತನಗೆ ಹೇಗೆ ಪಾಠ ಹೇಳಿದರು, ಎಷ್ಟು ತಾಳ್ಮೆ ಎಂಬುದೇ ಮಾತು. ಗಾಯ ನನ್ನದು, ಮರ್ಯಾದೆ ಅವಳದು ಎಂದು ಮೇಷ್ಟ್ರು ಹಲ್ಲು ಕಚ್ಚಿದರು. ನರ್ಸು ಸೂಜಿ ನೋವೆಂದುಕೊಂಡು ಇನ್ನಷ್ಟು ಮೆಲ್ಲಗೆ ಚುಚ್ಚಿದಳು.

ಮನೆಯಲ್ಲೂ ಬಿಡುಗಡೆಯಿಲ್ಲ. ಮಗಳು ಅದೇ ವಿಶ್ವವಿದ್ಯಾಲಯದಲ್ಲಿ ಫಿಸಿಯೋಥೆರಪಿ ಓದುತ್ತಿದ್ದಳು. ಸಂದೇಹ ಬಂದರೆ ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳೇ ಹೊರತು ಹಜಾರದಲ್ಲಿ ಕೂತ ಅಪ್ಪನ ಹತ್ತಿರ ಬರುತ್ತಿರಲಿಲ್ಲ. ಕಿವಿಯ ಒಳಗಿನ ರಚನೆಯ ಬಗ್ಗೆ ಸಂದೇಹ ಬಂದಾಗಲೂ ಅಮ್ಮನನ್ನೇ ಕೇಳಿದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಸರಿ. ಆದರೆ ಒಂದೇ ಹಿತ್ತಲಿನಲ್ಲಿ ಎರಡು ಗಿಡವಿದ್ದು, ಒಂದು ಮಾತ್ರ ಮದ್ದಾದರೆ ಇನ್ನೊಂದು ಏನು ಮಾಡಬೇಕು?

ಇಷ್ಟಾಗಿ ಹೆಂಡತಿ ಕೆಟ್ಟವಳಾಗಿದ್ದರೆ ಮೇಷ್ಟ್ರಿಗೆ ಎಷ್ಟೋ ಸುಲಭವಾಗುತ್ತಿತ್ತು. ಜಂಬವಿಲ್ಲ, ಕುಹಕವಿಲ್ಲ. ಯಾರಾದರೂ ಹೊಗಳಿದರೆ ಪಕ್ಕದಲ್ಲಿದ್ದ ಗಂಡನನ್ನು ಮುಂದೆ ಮಾಡಿ, ಇವರ ವಿಭಾಗಕ್ಕೂ ಒಮ್ಮೆ ಬನ್ನಿ, ತುಂಬಾ ಸೂಕ್ಷ್ಮದ ಕೆಲಸ ಎನ್ನುತ್ತಿದ್ದಳು. ಆ ದೊಡ್ಡತನವೇ ಮೇಷ್ಟ್ರ ಗಂಟಲಿಗೆ ಮುಳ್ಳಾಗಿತ್ತು. ಬೈದರೆ ತಿರುಗಿ ಬೈಯಬಹುದು, ಹೊಗಳಿದವಳನ್ನು ಏನು ಮಾಡುವುದು?

ಹೀಗಿರುವಾಗ ಹೊಸ ಕಟ್ಟಡ ಎದ್ದಿತು. ಕೌಶಲ ಕೇಂದ್ರವೆಂದು ಅದಕ್ಕೆ ಹೆಸರು. ಯಾವ ವಿಭಾಗದ ವಿದ್ಯಾರ್ಥಿಯೇ ಆಗಲಿ, ನಿಜವಾದ ರೋಗಿಯನ್ನು ಮುಟ್ಟುವ ಮೊದಲು ಅಲ್ಲಿನ ರಬ್ಬರ್ ಬೊಂಬೆಗಳ ಮೇಲೂ ತಮ್ಮ ತಮ್ಮ ಸಹಪಾಠಿಗಳ ಮೇಲೂ ಕೈ ಪಳಗಿಸಿಕೊಳ್ಳಬೇಕು. ಎಲ್ಲ ವಿಭಾಗಗಳೂ ಅದರ ಮುಖ್ಯಸ್ಥರ ಮಾತು ಕೇಳಬೇಕು. ಆ ಹುದ್ದೆಗೆ ಹಿರಿತನದ ಲೆಕ್ಕದಲ್ಲಿ ಇಬ್ಬರ ಹೆಸರು ಮುಂದಿದ್ದವು. ಒಂದು ಮೇಷ್ಟ್ರದು, ಇನ್ನೊಂದು ಯಾರದೆಂದು ಬೇರೆ ಹೇಳಬೇಕಿಲ್ಲ.

ಮೇಷ್ಟ್ರಿಗೆ ಆ ಹುದ್ದೆ ಬೇಕಿತ್ತು. ಸಂಬಳಕ್ಕಲ್ಲ, ಸಂಬಳ ಹೆಚ್ಚುತ್ತಲೂ ಇರಲಿಲ್ಲ. ನಿವೃತ್ತಿಗೆ ಹೆಚ್ಚು ಕಾಲವಿಲ್ಲ. ಅಷ್ಟರೊಳಗೆ ಒಂದು ಸಲ ನೆಲಮಾಳಿಗೆಯಿಂದ ಮೇಲೆ ಬರಬೇಕು, ಒಂದು ಬಾಗಿಲ ಮೇಲೆ ತಮ್ಮ ಹೆಸರಿರಬೇಕು, ಯಾರಾದರೂ ಒಬ್ಬರು ಹೆಂಡತಿಯನ್ನು ನೋಡಿ ನೀವು ಮೇಷ್ಟ್ರ ಮನೆಯವರಲ್ಲವೇ ಎನ್ನಬೇಕು. ಆಸೆ ಇಷ್ಟೇ. ಸಂಜೆ ಹೊತ್ತು ಹೆಂಡತಿಗೆ ತಡವಾಗುವ ದಿನಗಳಲ್ಲಿ ಹೊಸ ಕಟ್ಟಡಕ್ಕೆ ಹೋಗಿ, ಮುಖ್ಯಸ್ಥರ ಕೋಣೆಯ ಗಾಜಿಗೆ ಮುಖ ಒತ್ತಿ, ಮೇಜನ್ನು ಕಿಟಕಿ ಕಡೆ ಹಾಕಿಸಬೇಕೋ ಗೋಡೆ ಕಡೆಯೋ ಎಂದು ಲೆಕ್ಕ ಹಾಕುತ್ತಿದ್ದರು.

ಯಾರಿಗೆ ಕೊಡುವುದೆಂದು ತೀರ್ಮಾನಿಸಬೇಕಾದವರು ಹೊಸದಾಗಿ ಬಂದ ನಿರ್ದೇಶಕರು. ಹೊರಗಿನವರು, ಯಾರ ಪರಿಚಯವೂ ಇಲ್ಲದವರು. ಬಂದವರು ಸಭೆ ಕರೆಯಲಿಲ್ಲ, ಭಾಷಣ ಮಾಡಲಿಲ್ಲ. ತಮ್ಮ ಚಹಾದ ಲೋಟವನ್ನು ತಾವೇ ಹಿಡಿದುಕೊಂಡು ಒಂದೊಂದೇ ವಿಭಾಗಕ್ಕೆ ನಡೆದು ಹೋಗತೊಡಗಿದರು. ಪ್ರಾಧ್ಯಾಪಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರ ಎದುರೂ ಕೂತರು. ಅವರದೊಂದು ವಿಚಿತ್ರ ಕಟ್ಟಳೆ ಇತ್ತು. ತನ್ನ ವಿಷಯ ತಾನು ಹೇಳಿಕೊಳ್ಳುವಂತಿಲ್ಲ. ನಿರ್ದೇಶಕರು ಯಾರ ಹೆಸರು ಹೇಳುತ್ತಾರೋ ಅವರನ್ನು ಪರಿಚಯಿಸಬೇಕು. ಯಾರನ್ನು ಪರಿಚಯಿಸಿದೆ, ಏನು ಹೇಳಿದೆ ಎಂಬುದನ್ನು ಎಲ್ಲರ ಸರದಿ ಮುಗಿದು ಹುದ್ದೆಗಳ ಘೋಷಣೆಯಾಗುವವರೆಗೆ ಬಾಯಿ ಬಿಡಬಾರದು. ಜನ ತಮ್ಮನ್ನು ತಾವು ಹೊಗಳಿಕೊಳ್ಳುವುದನ್ನು ಕೇಳಿ ಕೇಳಿ ಸಾಕಾಗಿದೆ ಎಂದು ನಕ್ಕರಂತೆ.

ಇದರಿಂದ ಆವರಣವೆಲ್ಲ ಒಂದೇ ಸಮನೆ ಸಭ್ಯವಾಗಿಬಿಟ್ಟಿತು. ಯಾರು ಯಾರ ಬಗ್ಗೆ ಹೇಳುತ್ತಾರೋ ತಿಳಿಯದೆ ಎಲ್ಲರೂ ಎಲ್ಲರಿಗೂ ನಮಸ್ಕಾರ ಹೊಡೆಯತೊಡಗಿದರು. ಔಷಧ ಶಾಸ್ತ್ರದ ಮುಖ್ಯಸ್ಥರು ಜನ್ಮದಲ್ಲಿ ಮೊದಲ ಬಾರಿಗೆ ಮೂಳೆಗಳ ಕೋಣೆಯ ಕಾವಲುಗಾರನ ಮಕ್ಕಳ ಓದು ಬರಹ ವಿಚಾರಿಸಿದರು. ಕಾವಲುಗಾರ ತನಗೆ ಮಕ್ಕಳಿಲ್ಲವೆಂದು ಹೇಳಬೇಕಾಯಿತು.

ಹೆಂಡತಿಯ ಸರದಿ ಮೊದಲು ಬಂತು. ಆ ಸಂಜೆ ಮನೆಗೆ ಬಂದವಳನ್ನು ಮೇಷ್ಟ್ರು ಸುಮ್ಮನೆ ಎಂಬಂತೆ ಕೇಳಿದರು: ಯಾರನ್ನು ಪರಿಚಯಿಸಿದೆ? ಹೆಂಡತಿ ನಕ್ಕು, ಹೇಳೋ ಹಾಗಿಲ್ಲವಲ್ಲ ಎಂದಳು. ಹಾಗೆನ್ನುವಾಗ ಅವಳು ನೋಡಿದ ನೋಟದಿಂದ, ಪರಿಚಯಿಸಿದ್ದು ತಮ್ಮನ್ನೇ ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು. ಅಲ್ಲಿಂದ ಅವರಿಗೆ ಊಟ ಸೇರಲಿಲ್ಲ. ಏನು ಹೇಳಿರಬಹುದು? ಡಾಕ್ಟರೇಟ್ ಪ್ರಬಂಧ ಅರ್ಧಕ್ಕೆ ಬಿಟ್ಟದ್ದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು? ತರಗತಿಯಲ್ಲಿ ರೇಗುವುದು, ರೇಗಿದ ಮೇಲೆ ಮನೆಗೆ ಬಂದು ಮಲಗಿಬಿಡುವುದು? ಅವಳಿಗೂ ಆ ಕೋಣೆ ಬೇಕಲ್ಲವೇ, ಬೇಡವೆನ್ನಲು ಅವಳೇನು ಸನ್ಯಾಸಿನಿಯೇ? ತಮ್ಮ ಮನಸ್ಸಿನಲ್ಲಿದ್ದುದೇ ಅವಳ ಮನಸ್ಸಿನಲ್ಲೂ ಇರುತ್ತದೆಂದು ಮೇಷ್ಟ್ರು ನಂಬಿದರು. ತಾ ಕಳ್ಳ, ಪರರ ನಂಬ ಅನ್ನುವುದು ಇದಕ್ಕೇ.

ಇಲ್ಲಿ ಒಂದು ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ಹೆಂಡತಿ ಮಾತಿನ ನಡುವೆ ಆಂ, ಆಂ ಎನ್ನುವುದು ಹೆಚ್ಚಾಯಿತು. ಒಂದು ಭಾನುವಾರ, ಬಟ್ಟೆ ಯಂತ್ರಗಳೂ ನಿಂತಿದ್ದ ಹೊತ್ತಿನಲ್ಲಿ, ಮೇಷ್ಟ್ರು ಅವಳನ್ನು ತಮ್ಮ ವಿಭಾಗಕ್ಕೆ ಕರೆದೊಯ್ದು ಶಬ್ದ ನುಗ್ಗದ ದಪ್ಪ ಬಾಗಿಲಿನ ಪುಟ್ಟ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಅವಳು ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ, ಕಾಯುತ್ತಾ ಕೂತಿದ್ದುದನ್ನು ಗಾಜಿನ ಈಚೆಯಿಂದ ಮೇಷ್ಟ್ರು ನೋಡಿದರು. ಎಡಗಿವಿ ಬಹುಮಟ್ಟಿಗೆ ಹೋಗಿತ್ತು, ಬಲಗಿವಿಯೂ ಇಳಿಯುತ್ತಿತ್ತು. ಎದೆಬಡಿತ ಕಲಿಸುವವಳಿಗೆ ಕಿವಿಯೇ ಹೋದರೆ ಉಳಿಯುವುದೇನು?

“ಯಾರಿಗೂ ಹೇಳ್ಬೇಡಿ ರೀ,” ಎಂದಿದ್ದಳು. “ಮಗಳಿಗೂ ಬೇಡ.”

ಮೇಷ್ಟ್ರು ಅವಳ ಕೈ ಹಿಡಿದುಕೊಂಡು ಆಗಲಿ ಎಂದಿದ್ದರು. ಮನಸ್ಸಿಟ್ಟೇ ಹೇಳಿದ್ದರು. ಮುಂದಿನ ಕೆಲವು ತಿಂಗಳು ಅವರಷ್ಟು ಒಳ್ಳೆಯ ಗಂಡ ಆ ಬೀದಿಯಲ್ಲಿ ಇರಲಿಲ್ಲ. ಅವಳ ಬಲಬದಿಗೇ ನಡೆಯುತ್ತಿದ್ದರು, ಜನ ಸೇರಿದ ಕಡೆ ಅವಳಿಗೆ ಕೇಳಿಸದ ಮಾತನ್ನು ಮೆಲ್ಲಗೆ ತಾವು ಹೇಳುತ್ತಿದ್ದರು. ಆ ಒಳ್ಳೆಯತನದ ತಳದಲ್ಲಿ ಒಂದು ಸಣ್ಣ ಸಂತೋಷವಿತ್ತು. ಅದನ್ನು ಅವರೇ ಸರಿಯಾಗಿ ಗುರುತಿಸಿಕೊಳ್ಳಲಿಲ್ಲ. ಕೊನೆಗೂ ಅವಳಿಗೆ ತಮ್ಮ ಅಗತ್ಯ ಬಿದ್ದಿತ್ತು.

ಆದರೆ ಲಬ್‌ಡಬ್ ಮೇಡಂ ಕೈಕಟ್ಟಿ ಕೂರುವವಳಲ್ಲ. ಪಾಠದ ರೀತಿಯನ್ನೇ ಬದಲಿಸಿದಳು. ಮೊದಲೆಲ್ಲ ತಾನು ಕೇಳಿ ವಿದ್ಯಾರ್ಥಿಗೆ ಹೇಳುತ್ತಿದ್ದವಳು ಈಗ ಸ್ಟೆತಸ್ಕೋಪನ್ನು ವಿದ್ಯಾರ್ಥಿಯ ಕಿವಿಗೇ ಕೊಟ್ಟಳು. ಕೇಳಿದ್ದನ್ನು ಬಾಯಲ್ಲಿ ಹೇಳಬೇಡ, ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸು ಎಂದಳು. ಅವಳ ಒಂದು ಅಂಗೈ ರೋಗಿಯ ಎದೆಯ ಮೇಲೆ, ಇನ್ನೊಂದು ಕೈ ನಾಡಿಯ ಮೇಲೆ. ತಟ್ಟುವುದು ಎಲ್ಲಿ ತಪ್ಪಿತೋ ಅಲ್ಲಿ ತಡೆದು ಮತ್ತೆ ಕೇಳು ಎನ್ನುತ್ತಿದ್ದಳು. ಅವಳ ಕೈಗೂ ಸಿಕ್ಕದ ಸಣ್ಣ ಸದ್ದುಗಳಿಗೆ ಶಬ್ದ ಹೆಚ್ಚಿಸುವ ಯಂತ್ರವಿತ್ತು. ಹೀಗೆ ಕಲಿತವರ ಕಿವಿ ಎಷ್ಟು ಚುರುಕಾಯಿತೆಂದರೆ ಬೇರೆ ಕಾಲೇಜಿನವರು ನೋಡಿಕೊಂಡು ಹೋಗಲು ಬಂದರು. ಕೊರತೆಯೂ ಅವಳಿಗೆ ಕಿರೀಟವಾಯಿತಲ್ಲ ಎಂದು ಮೇಷ್ಟ್ರ ಹೊಟ್ಟೆಯಲ್ಲಿ ಆರಿದ್ದ ಬೆಂಕಿ ಮತ್ತೆ ಹತ್ತಿಕೊಂಡಿತು.

ಮೇಷ್ಟ್ರ ಸರದಿ ಬಂದ ದಿನ ನಿರ್ದೇಶಕರು ಲೋಟ ಹಿಡಿದು ನೆಲಮಾಳಿಗೆಗೆ ಇಳಿದರು. ಬಟ್ಟೆ ಯಂತ್ರಗಳ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ಇಲ್ಲೇ ಕೂರೋಣವೇ ಎಂದು ಅವರೇ ಪರೀಕ್ಷೆಯ ಕೋಣೆಯೊಳಗೆ ಹೋಗಿ, ಪರೀಕ್ಷೆಗೆ ಬಂದವರು ಕೂರುವ ಕುರ್ಚಿಯಲ್ಲಿ ಕೂತರು. ಮೇಷ್ಟ್ರು ದಪ್ಪ ಬಾಗಿಲನ್ನು ಎಳೆದುಕೊಂಡು ಸ್ಟೂಲಿನ ಮೇಲೆ ಕೂತರು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಮೊದಲ ಪಾಠವನ್ನು ಅವರು ಹೇಳುತ್ತಿದ್ದುದು ಆ ಬಾಗಿಲ ಮುಂದೆಯೇ. ಇದರೊಳಗೆ ತಿಳಿದದ್ದು ಇದನ್ನು ದಾಟಿ ಹೊರಗೆ ಬರಬಾರದು. ತಂದೆಯಾಗಲಿ ತಾಯಿಯಾಗಲಿ ಗಂಡನಾಗಲಿ, ಬಂದವರು ಒಪ್ಪದೆ ಯಾರಿಗೂ ಹೇಳುವಂತಿಲ್ಲ. ತುಂಬಾ ಚೆನ್ನಾಗಿ ಹೇಳುತ್ತಿದ್ದರು.

ನಿರ್ದೇಶಕರು ತಮಗೆ ಮೇಡಂ ಅವರನ್ನು ಪರಿಚಯಿಸಬೇಕೆಂದರು. ಗಂಡನಿಗಿಂತ ಹೆಚ್ಚು ಬಲ್ಲವರು ಯಾರು ಎಂದರು.

ಮೇಷ್ಟ್ರು ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿಕೊಂಡಿದ್ದರು, ಒಳ್ಳೆಯದನ್ನೇ ಹೇಳಬೇಕು, ಮನುಷ್ಯನಾಗಿ ನಡೆದುಕೊಳ್ಳಬೇಕು. ಹಾಗೇ ಶುರು ಮಾಡಿದರು. ಅವಳ ತಾಳ್ಮೆ ಹೇಳಿದರು, ಹೊಸ ಬಗೆಯ ಪಾಠ ಹೇಳಿದರು, ಬೇರೆ ಕಾಲೇಜಿನವರು ಬಂದದ್ದು ಹೇಳಿದರು. ನಿರ್ದೇಶಕರು ತಲೆದೂಗಿದರು. ಅವರು ತಲೆದೂಗಿದಾಗಲೆಲ್ಲ ಹೊಸ ಕಟ್ಟಡದ ಆ ಕೋಣೆ ಒಂದೊಂದು ಮಾರು ದೂರ ಹೋದಂತಾಯಿತು. ನನ್ನ ಬಾಯಿಂದಲೇ ನನ್ನ ಕುತ್ತಿಗೆ ಕೊಯ್ದುಕೊಳ್ಳುತ್ತಿದ್ದೇನಲ್ಲ ಎನಿಸಿತು. ಅದೇ ಹೊತ್ತಿಗೆ ನಿರ್ದೇಶಕರು, ಹಾಗಾದರೆ ಕೌಶಲ ಕೇಂದ್ರವನ್ನು ಅವರ ಕೈಗೆ ಕೊಟ್ಟರೆ ಹೇಗೆ ಎಂದು ಕೇಳಿದರು.

“ಕೊಡಬಹುದು ಸರ್,” ಎಂದರು ಮೇಷ್ಟ್ರು. “ಅವಳಷ್ಟು ಚೆನ್ನಾಗಿ ಯಾರು ನೋಡ್ಕೋತಾರೆ? ನನಗೆ ಒಂದೇ ಯೋಚನೆ. ಅವಳ ಎಡಗಿವಿ ಹೆಚ್ಚುಕಮ್ಮಿ ಹೋಗೇಬಿಟ್ಟಿದೆ. ಬಲಗಿವಿನೂ ಇಳೀತಾ ಇದೆ. ಅಷ್ಟು ಜನರ ಮಧ್ಯೆ ಓಡಾಡೋ ಕೆಲಸ. ಗಂಡನಾಗಿ ಹೇಳ್ತಿದೀನಿ, ಅವಳಿಗೆ ಭಾರ ಆಗಬಾರದು ಅಂತ.”

ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಬಂತು ಮಾತು. ಹೇಳಿದ ಮೇಲೆ ಅವರಿಗೇ ನಿಜವೆನಿಸಿತು, ಕಾಳಜಿಯಿಂದಲೇ ಹೇಳಿದೆ ಎಂದು.

ನಿರ್ದೇಶಕರು ಲೋಟವನ್ನು ನೆಲಕ್ಕಿಟ್ಟರು. “ಪರೀಕ್ಷೆ ಮಾಡಿದ್ದು ನೀವೇನಾ?”

“ನಾನೇ ಸರ್. ಇದೇ ಕುರ್ಚೀಲಿ ಕೂರಿಸಿ.”

“ನನಗೆ ಹೇಳೋದಕ್ಕೆ ಅವರು ಒಪ್ಪಿದಾರಾ?”

ಕಿವಿ ಹಿಂಡಿದಂತಾಯಿತು ಮೇಷ್ಟ್ರಿಗೆ. ತಮ್ಮದೇ ಮೊದಲ ಪಾಠ ಎದುರಿನ ಕುರ್ಚಿಯಿಂದ ತಮಗೇ ಬಂದಿತ್ತು. ಇಲ್ಲವೆನ್ನಲು ಒಂದು ಕ್ಷಣ ಅವಕಾಶವೂ ಇತ್ತು.

“ಒಪ್ಪಿದಾಳೆ ಸರ್,” ಎಂದರು.

ನಿರ್ದೇಶಕರು ಮತ್ತೇನೂ ಕೇಳಲಿಲ್ಲ. ಚಹಾ ಮುಗಿಸಿ, ಈ ಯಂತ್ರಗಳ ಸದ್ದಿಗೆ ಏನಾದರೂ ಮಾಡಬೇಕು ಎನ್ನುತ್ತಾ ಮೆಟ್ಟಿಲು ಹತ್ತಿದರು.

ಆ ಮಧ್ಯಾಹ್ನವೆಲ್ಲ ಮೇಷ್ಟ್ರಿಗೆ ಹಗುರವಾಗಿತ್ತು. ಸಂಜೆಯಾಗುತ್ತ ಭಾರವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಉಳಿದದ್ದೆಂದರೆ ಹೆಂಡತಿಗೆ ಒಳ್ಳೆಯದು ಮಾಡುವುದು. ಮಾಡತೊಡಗಿದರು. ಕೇಳದೆ ಒಂದು ಶಾಲು ತಂದುಕೊಟ್ಟರು. ಪಾತ್ರೆ ತೊಳೆದರು. ಸ್ಕೂಟರಿನಲ್ಲಿ ಅವಳು ಕೂರುವ ಜಾಗ ಒರೆಸಿದರು. ಒಂದು ದಿನ ಮಗಳು ಪುಸ್ತಕದಿಂದ ತಲೆಯೆತ್ತಿ, ಅಪ್ಪ ಏನೋ ತಪ್ಪು ಮಾಡಿದ ಹಾಗಿದೆಯಲ್ಲಮ್ಮ ಎಂದು ತಮಾಷೆ ಮಾಡಿದಳು. ತಾಯಿ ಮಗಳು ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮೇಷ್ಟ್ರು ಮಾತ್ರ ಸಿಡುಕಿ, ಮನೆ ಕೆಲಸ ಮಾಡೋದೂ ತಪ್ಪಾ ಎಂದು ರೇಗಿ ಹಜಾರಕ್ಕೆ ಹೋದರು.

ಘೋಷಣೆಯ ದಿನ ದೊಡ್ಡ ಸಭಾಂಗಣದಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಹೆಸರು ಕರೆದಾಗ ವೇದಿಕೆಗೆ ಹೋಗಲು ಅನುಕೂಲವಾಗಲೆಂದು ಸಾಲಿನ ತುದಿಯ ಕುರ್ಚಿ ಹಿಡಿದಿದ್ದರು. ನಿರ್ದೇಶಕರು ಬೇರೆ ಬೇರೆ ಹುದ್ದೆಗಳನ್ನು ಹೇಳಿ ಕೊನೆಗೆ ಕೌಶಲ ಕೇಂದ್ರಕ್ಕೆ ಬಂದರು. ಹೆಂಡತಿಯ ಹೆಸರು ಹೇಳಿದರು.

ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ಮೇಷ್ಟ್ರು ತಾವೂ ತಟ್ಟಿ, ನಿಲ್ಲಿಸಿ, ಮತ್ತೆ ತಟ್ಟಬೇಕಾಯಿತು. ಪಕ್ಕದವರು ಕೈ ಕುಲುಕಿ, ನಿಮಗೆ ಎಷ್ಟು ಹೆಮ್ಮೆ ಆಗಿರಬೇಡ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ಅಷ್ಟು ದೊಡ್ಡ ಪಾಪ ಮಾಡಿಕೊಂಡ ಮೇಲೆ ಬರಲಿಲ್ಲ. ಕಿವುಡಿ ಎಂದು ಗೊತ್ತಿದ್ದೂ ಅವಳಿಗೇ ಕೊಟ್ಟರೆಂದರೆ ತಾನು ಆ ಕಿವಿಗಿಂತ ಕಡೆಯೇ ಎಂದು ಮೇಷ್ಟ್ರ ಒಳಗೆಲ್ಲ ಧಗಧಗ ಎಂದಿತು. ಹೊರಗೆ ಹಲ್ಲು ಕಾಣಿಸುತ್ತಿತ್ತು.

ಮನೆಗೆ ಬಂದಾಗ ಹೆಂಡತಿಯ ಮುಖದಲ್ಲಿ ಖುಷಿಯಿರಲಿಲ್ಲ. ಸಿಟ್ಟಿತ್ತು. ಮಗಳು ಸ್ನೇಹಿತೆಯರ ಜೊತೆ ಹೊರಗೆ ಹೋಗಿದ್ದಳು. ಹೆಂಡತಿ ಚಹಾಕ್ಕೆ ನೀರಿಟ್ಟು, ಇನ್ನು ಹೇಳಬಹುದಲ್ಲ, ಎಲ್ಲರ ಸರದಿ ಮುಗಿಯಿತಲ್ಲ ಎಂದು ಶುರು ಮಾಡಿದಳು.

ಅವಳು ಪರಿಚಯಿಸಿದ್ದು ಗಂಡನನ್ನೇ. ಹುದ್ದೆಯನ್ನು ಅವರಿಗೇ ಕೊಡಿ ಎಂದು ನೇರವಾಗಿ ಹೇಳಿದ್ದಳು. ಪರಿಚಯದಲ್ಲಿ ತನ್ನ ಮಾತು ತೆಗೆಯಬಾರದೆಂಬ ಕಟ್ಟಳೆಯನ್ನೂ ಅದಕ್ಕಾಗಿ ಮುರಿದಿದ್ದಳು. ಕೌಶಲ ಕೇಂದ್ರವೆಂದರೆ ಹುಡುಗರು ತಪ್ಪುತ್ತಾ ಕಲಿಯುವ ಜಾಗ. ಒಬ್ಬನ ಮೈ ಇನ್ನೊಬ್ಬ ಮುಟ್ಟಿ ನೋಡುತ್ತಾನೆ, ಯಾರಿಗೋ ಎಲ್ಲೋ ಗಂಟು ಸಿಕ್ಕುತ್ತದೆ, ಯಾರೋ ಹೆದರಿ ಅಳುತ್ತಾರೆ. ಅಲ್ಲಿ ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಮನುಷ್ಯ ಬೇಕು.

“ನನ್ನ ಕಿವಿ ವಿಷಯ ನಾನೇ ಹೇಳ್ಬಿಟ್ಟೆ ಅವರಿಗೆ,” ಎಂದಳು. “ಇಷ್ಟು ವರ್ಷ ಆಯ್ತು ಸರ್, ಇವರೊಬ್ಬರಿಗೇ ಗೊತ್ತಿರೋದು. ಜಗಳ ಆಡಿದ ದಿನವೂ ಬಾಯಿ ಬಿಟ್ಟಿಲ್ಲ. ಅಂಥವರು ನಿಮಗೆ ಎಲ್ಲಿ ಸಿಗ್ತಾರೆ ಅಂದೆ. ಅಷ್ಟು ಹೇಳಿದ ಮೇಲೂ ನನಗೇ ಕೊಟ್ಟಿದಾರೆ ನೋಡಿ. ನಾಳೆ ಬೆಳಿಗ್ಗೆ ಹೋಗಿ ಕೇಳ್ತೀನಿ. ಇವರಲ್ಲಿ ಏನು ಕಮ್ಮಿ ಕಂಡ್ರಿ, ಹೇಳಿ ಅಂತೀನಿ.”

ನೀರು ಕುದಿಯಿತು. ಅವಳು ಪುಡಿ ಹಾಕಿದಳು. ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರು ನೆಲಮಾಳಿಗೆಯಲ್ಲಿ ಬಾಯಿ ಬಿಡುವ ಮೊದಲೇ ನಿರ್ದೇಶಕರಿಗೆ ಎಲ್ಲ ಗೊತ್ತಿತ್ತು. ಕಿವಿಯ ವಿಷಯ ಗೊತ್ತಿತ್ತು, ಗಂಡ ಯಾರಿಗೂ ಹೇಳುವವನಲ್ಲ ಎಂದು ಅವಳು ನಂಬಿದ್ದಾಳೆ ಎಂಬುದೂ ಗೊತ್ತಿತ್ತು. ಒಪ್ಪಿದಾರಾ ಎಂದು ಕೇಳಿದ್ದು ಸುಮ್ಮನೆ ಕೇಳಿದ್ದಲ್ಲ. ಆ ಮನುಷ್ಯ ಹೆಂಡತಿಯ ಪರಿಚಯ ಕೇಳಿ, ಗಂಡನ ಪರಿಚಯ ಮಾಡಿಕೊಂಡು ಮೇಲೆ ಹೋಗಿದ್ದರು.

ಆಗಲೂ ಮೇಷ್ಟ್ರ ಮನಸ್ಸು ಲೆಕ್ಕ ಹಾಕಿತು. ನಿರ್ದೇಶಕರು ಸಂಭಾವಿತರು. ಇವಳು ಹೋಗಿ ಕೇಳಿದರೂ ಏನೋ ಒಂದು ಕಾರಣ ಹೇಳಿ ಕಳಿಸಿದರೂ ಕಳಿಸಿಯಾರು. ಸುಮ್ಮನಿದ್ದರೆ ದಾಟಿಹೋಗಬಹುದು. ಇವಳು ಹೀಗೇ ತನ್ನನ್ನು ದೊಡ್ಡವನೆಂದುಕೊಂಡು ಇರಬಹುದು. ಅದನ್ನು ನೆನೆದಾಗ ಹೊಟ್ಟೆಯಲ್ಲಿ ಎದ್ದದ್ದು ಹೆದರಿಕೆಯಲ್ಲ, ಮತ್ತದೇ ಉರಿ. ತಮ್ಮನ್ನು ಇಷ್ಟು ನಂಬುವುದೂ ಅವಳಿಂದಲೇ ಸಾಧ್ಯವಾಯಿತು. ಅದರಲ್ಲೂ ಅವಳೇ ಮೇಲು. ಆ ಉರಿಯನ್ನು ಇನ್ನು ಹೊರಲಾರೆ ಎನಿಸಿತು ಅವರಿಗೆ.

“ಹೋಗ್ಬೇಡ,” ಎಂದರು. “ನಾನು ಹೇಳಿದೆ ಅವರಿಗೆ. ನಿನ್ನ ಕಿವಿ ಹೋಗಿದೆ ಅಂತ. ನೀನು ಒಪ್ಪಿದೀಯ ಅಂತಾನೂ ಹೇಳಿದೆ.”

ಹೆಂಡತಿ ಒಲೆ ಆರಿಸಿದಳು. ಕೇಳಿಸಿತೋ ಇಲ್ಲವೋ ಎಂದು ಮೇಷ್ಟ್ರು ಇನ್ನೊಮ್ಮೆ ಹೇಳಲು ಬಾಯಿ ತೆರೆದರು. ಅವಳು ಕೈಯೆತ್ತಿ ಸಾಕೆಂದಳು.

“ಯಾಕೆ?”

“ಹೊಟ್ಟೆಕಿಚ್ಚು,” ಎಂದರು ಮೇಷ್ಟ್ರು. ಬೇರೆ ಮಾತು ಎಷ್ಟು ಹುಡುಕಿದರೂ ಸಿಗಲಿಲ್ಲ.

ಅವಳು ಅಳಲಿಲ್ಲ. ಅತ್ತಿದ್ದರೆ ಮೇಷ್ಟ್ರು ಹತ್ತಿರ ಹೋಗುತ್ತಿದ್ದರು. ಚಹಾ ಸೋಸಿ ಎರಡು ಲೋಟಕ್ಕೆ ಬಗ್ಗಿಸಿದಳು, ಒಂದನ್ನು ಅವರ ಕಡೆ ಸರಿಸಿದಳು. ತನ್ನ ಲೋಟ ಎತ್ತಿಕೊಂಡು ಕೇಳಿದಳು.

“ಹೆಂಡತಿ ವಿಷಯ ಅಂತ ಹೇಳಿದ್ರಾ? ಪರೀಕ್ಷೆಗೆ ಬಂದೋಳ ವಿಷಯ ಅಂತ ಹೇಳಿದ್ರಾ?”

ಎರಡೂ ಎಂದರು ಮೇಷ್ಟ್ರು.

“ಹೆಂಡತಿದು ಮನೆ ವಿಷಯ,” ಎಂದಳು. “ಅದಕ್ಕೆ ಜಗಳ ಆಡೋಣ, ಮಾತು ಬಿಡೋಣ, ಏನೋ ಒಂದು ಆಗತ್ತೆ. ಇನ್ನೊಂದಿದೆಯಲ್ಲ, ಅದಕ್ಕೆ ನನ್ನ ಹತ್ರ ಮದ್ದಿಲ್ಲ. ಮುಂದಿನ ತಿಂಗಳು ಕಿವಿ ಮತ್ತೆ ನೋಡಿಸ್ಬೇಕು. ನಿಮ್ಮ ವಿಭಾಗದಲ್ಲೇ ಬೇರೆ ಯಾರ ಹತ್ರನಾದ್ರೂ ನೋಡಿಸ್ಕೋತೀನಿ. ಆ ಹೊತ್ತಲ್ಲಿ ನೀವು ಹೊರಗಿರಿ.”

ಮೇಷ್ಟ್ರು ಆಗಲಿ ಎಂದರು. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಜಾರಕ್ಕೆ ಬಂದು ಕೂತರು. ವಿಭಾಗದವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಇನ್ನು ಮೇಲೆ ಗಾಜಿನ ಈಚೆ ಕೂತು, ಅವಳು ಗುಂಡಿಯ ಮೇಲೆ ಬೆರಳಿಟ್ಟು ಕಾಯುವುದನ್ನು ನೋಡುವವರು ಯಾರೋ. ಯಾರಿಗೂ ಹೇಳಬೇಡಿ ಎಂದು ಅವಳು ಹೇಳುವುದು ಯಾರಿಗೋ. ಅದು ಯಾರೆಂದು ತಿಳಿಯುವ ಮೊದಲೇ ಅವರ ಮೇಲೆ ಮೇಷ್ಟ್ರಿಗೆ ಹೊಟ್ಟೆ ಉರಿಯತೊಡಗಿತ್ತು.